ಕರೆಂಟ್ ಹೋದ ರಾತ್ರಿಗೂ ಗಾಳಿ ಬೇಕು

ಮುಂಗಾರಿನ ಗಾಳಿಗೆ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ಮೈಸೂರು ಜಿಲ್ಲೆಯ ಸಾಲಿಗ್ರಾಮದ ಸುತ್ತಲ ಹಳ್ಳಿಗಳಲ್ಲಿ ರಾತ್ರಿಯಿಡೀ ಕತ್ತಲಾಗಬಹುದು. ಟಿಸಿ (ಟ್ರಾನ್ಸ್ಫಾರ್ಮರ್) ಸುಟ್ಟಿತೆಂದರೆ ಮಾರನೆಯ ದಿನವೂ ಕರೆಂಟ್ ಬರುವ ಭರವಸೆಯಿಲ್ಲ. ಬೀಸಣಿಗೆ ಹಿಡಿದು ಜಗುಲಿಯ ಮೇಲೆ ಮಲಗಿ ಅಂಥ ರಾತ್ರಿ ಕಳೆಯುವುದು ಹೆಚ್ಚಿನವರಿಗೆ ರೂಢಿಯೇ. ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆಂದು ಮಂಚದ ಪಕ್ಕ ಮೆಷಿನ್ ಇಟ್ಟುಕೊಂಡವರಿಗೆ ಅದು ಬರೀ ಸೆಕೆಯ ಮಾತಲ್ಲ.

ಕಾಯಿಲೆಯ ಹೆಸರು ಸ್ಲೀಪ್ ಅಪ್ನಿಯಾ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ಗಾಳಿ ಒಳಹೋಗುವುದಿಲ್ಲ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಜೋರಾದ ಒಂದು ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಇದು ಗಂಟೆಗೆ 5ಕ್ಕಿಂತ ಕಡಿಮೆ ಸಲ ಆದರೆ ವೈದ್ಯರು ಚಿಂತಿಸುವುದಿಲ್ಲ. 30 ಮೀರಿದರೆ ತೀವ್ರ ಎನ್ನುತ್ತಾರೆ. ಬೆಳಿಗ್ಗೆ ತಲೆನೋವು, ಹಗಲಲ್ಲಿ ತೂಕಡಿಕೆ, ಔಷಧಿಗೂ ಬಗ್ಗದ ಬಿ.ಪಿ., ಹೃದಯದ ತೊಂದರೆ, ಪಾರ್ಶ್ವವಾಯು ಇವೆಲ್ಲಕ್ಕೂ ಇದರ ನಂಟಿದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹರಿ ತೀರಿಕೊಂಡಾಗ ವೈದ್ಯರು ಈ ಕಾಯಿಲೆಯ ಹೆಸರನ್ನೂ ಹೇಳಿದ್ದರು. ಪತ್ರಿಕೆಗಳಲ್ಲಿ ಅದನ್ನು ಓದಿದ ಮೇಲೆಯೇ ಅನೇಕರಿಗೆ ಗೊರಕೆಯೂ ಒಂದು ಲಕ್ಷಣವಾಗಬಹುದೆಂದು ತಿಳಿದದ್ದು.

ಇದಕ್ಕೆ ಗಾಳಿಯನ್ನೇ ಮದ್ದು ಮಾಡಿದವರು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್. ಸಿಡ್ನಿಯಲ್ಲಿ 1980ರಲ್ಲಿ ಅವರು ಮೋಟಾರಿನಿಂದ ಒತ್ತಿದ ಗಾಳಿಯನ್ನು ಮೂಗಿನ ಮಾಸ್ಕಿನ ಮೂಲಕ ರೋಗಿಯೊಬ್ಬರಿಗೆ ಕೊಟ್ಟರು. ಮುಚ್ಚುತ್ತಿದ್ದ ಗಂಟಲು ತೆರೆದೇ ಉಳಿಯಿತು, ರೋಗಿ ಗಾಢವಾಗಿ ನಿದ್ರಿಸಿದರು. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ವರದಿ ಬಂತು. ಇವತ್ತಿನ ಸಿಪ್ಯಾಪ್ ಮೆಷಿನ್ ಅದೇ ತತ್ತ್ವದ್ದು. ಇದು ಆಮ್ಲಜನಕ ಕೊಡುವ ಯಂತ್ರವಲ್ಲ. ಕೋಣೆಯ ಗಾಳಿಯನ್ನೇ ಹೀರಿ, ಸೋಸಿ, ಒತ್ತಡದಲ್ಲಿ ಕಳಿಸುತ್ತದೆ. ಹಾಕಿಕೊಂಡಷ್ಟು ಹೊತ್ತು ಮಾತ್ರ ಇದರ ಗುಣ. ಬಿ.ಪಿ. ಮಾತ್ರೆಯ ಪ್ರಭಾವ ಒಂದಷ್ಟು ಗಂಟೆ ಮೈಯಲ್ಲಿ ಉಳಿಯುತ್ತದೆ, ಗಾಳಿಯ ಪ್ರಭಾವ ಸ್ವಿಚ್ ಆರಿದ ಕ್ಷಣಕ್ಕೆ ಮುಗಿಯುತ್ತದೆ. ಆದ್ದರಿಂದಲೇ ಹಳ್ಳಿಯ ಮನೆಯಲ್ಲಿ ಕರೆಂಟಿನ ಏರ್ಪಾಡೂ ಚಿಕಿತ್ಸೆಯ ಭಾಗ.

ಮೊದಲು ನೋಡಬೇಕಾದದ್ದು ಅಡಾಪ್ಟರಿನ ಬೆನ್ನಿನ ಮೇಲಿನ ಸಣ್ಣ ಅಕ್ಷರ. ಪೇಟೆಯಲ್ಲಿ ಹೆಚ್ಚು ಕಾಣುವ ಒಂದು ಮಾದರಿಯ ಮೇಲೆ 24 ವೋಲ್ಟ್, 3.75 ಆಂಪ್ ಎಂದಿರುತ್ತದೆ; ಗುಣಿಸಿದರೆ 90 ವ್ಯಾಟ್. ಅದನ್ನು ಓದಿ ‘ಯುಪಿಎಸ್ ತಡೆಯೋದಿಲ್ಲ ಬಿಡಿ’ ಎಂದು ಕೈಚೆಲ್ಲುವವರಿದ್ದಾರೆ. ಆದರೆ ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ ಮಾತ್ರ. ಗಾಳಿ ಊದುವ ಮೋಟಾರು ತಿನ್ನುವುದು ಸಾಮಾನ್ಯವಾಗಿ 10ರಿಂದ 20 ವ್ಯಾಟ್. ಉಳಿದದ್ದೆಲ್ಲ ಹೋಗುವುದು ಗಾಳಿಗೆ ತೇವ ಸೇರಿಸಲು ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್‌ಗೆ ಮತ್ತು ಬಿಸಿ ಪೈಪಿಗೆ.

ಲೆಕ್ಕ ಹೀಗೆ ಬರುತ್ತದೆ. ಮನೆಯ ಯುಪಿಎಸ್‌ಗೆ 12 ವೋಲ್ಟಿನ 150 ಎಎಚ್ ಬ್ಯಾಟರಿ ಇದ್ದರೆ ಅದರಲ್ಲಿ 1,800 ವ್ಯಾಟ್-ಅವರ್. ಹಳೆಯ ಬ್ಯಾಟರಿ, ಯುಪಿಎಸ್‌ನ ಸ್ವಂತ ಖರ್ಚು ಎಲ್ಲ ಕಳೆದು ಅರ್ಧ, ಅಂದರೆ 900 ಮಾತ್ರ ಕೈಗೆ ಸಿಗುತ್ತದೆಂದು ಇಟ್ಟುಕೊಳ್ಳೋಣ. 75 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 600 ಹೋಯಿತು. ಬಿಸಿ ಬಂದ್ ಮಾಡಿದ ಮೆಷಿನ್‌ಗೆ 160. ಬೆಳಗಿನ ತನಕ ಸಾಲುತ್ತದೆ. ಬಿಸಿ ಚಾಲೂ ಇದ್ದು ಮೆಷಿನ್ 60 ವ್ಯಾಟ್ ಎಳೆದರೆ ಅದಕ್ಕೇ 480. ಫ್ಯಾನಿನ ಜೊತೆ ಸೇರಿದರೆ ಬೆಳಗಿನ ಜಾವದಲ್ಲಿ ಎರಡೂ ನಿಲ್ಲುತ್ತವೆ. ಕರೆಂಟ್ ಹೋದ ರಾತ್ರಿ ಮೆಷಿನ್ ಆರಿಸಬೇಕಿಲ್ಲ, ಹ್ಯುಮಿಡಿಫೈಯರ್ ಆರಿಸಿದರೆ ಸಾಕು. ಮೂಗು ಸ್ವಲ್ಪ ಒಣಗೀತು, ಉಸಿರು ಮಾತ್ರ ಕಟ್ಟುವುದಿಲ್ಲ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿಸಿದ ಮನೆಯಲ್ಲಿ ಈ ಲೆಕ್ಕ ಇನ್ನೂ ಹಗುರ.

ಯುಪಿಎಸ್ ಸೈನ್ ವೇವ್ ಮಾದರಿಯದಾಗಿರುವುದು ಲೇಸು; ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಇಂಥ ಸಾಧನಕ್ಕೆ ಒಳ್ಳೆಯದಲ್ಲ. ಹೊಲದ ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ ನೇರವಾಗಿ ಓಡಿಸುವ ಸಾಹಸವಂತೂ ಬೇಡ. ಕೆಲವು ಮೆಷಿನ್ 12 ವೋಲ್ಟಿನವು, ಕೆಲವು 24ರವು. ಕಂಪನಿಯೇ ಹೇಳಿದ ಡಿಸಿ ಕನ್ವರ್ಟರ್ ಇದ್ದರೆ ಮಾತ್ರ ಬ್ಯಾಟರಿಯ ಸಂಪರ್ಕ. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ತ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಬೇಕು. ಗುಡುಗು ಮಿಂಚಿನ ಸಂಜೆ ಮಲಗುವ ತನಕ ಪ್ಲಗ್ ಕಿತ್ತಿಡುವುದೂ ಜಾಣತನವೇ.

ಬ್ಯಾಟರಿಯೂ ಕೈಕೊಟ್ಟರೆ? ಮಾಸ್ಕ್ ತೆಗೆದಿಡಬೇಕು. ಮೆಷಿನ್ ಊದುತ್ತಿರುವಾಗ ಮಾಸ್ಕಿನ ಸಣ್ಣ ತೂತುಗಳಿಂದ ಹಳೆಯ ಗಾಳಿ ಹೊರಗೆ ಹೋಗುತ್ತಿರುತ್ತದೆ. ಊದುವುದು ನಿಂತಾಗ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಸ್ಥಿತಿ. ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕುಗಳಲ್ಲಿ ಇದಕ್ಕೆಂದೇ ತೆರೆದುಕೊಳ್ಳುವ ಕವಾಟ ಇರುತ್ತದೆ, ಅದನ್ನು ನಂಬಿ ಮಲಗಿಬಿಡಬಾರದು. ಆ ರಾತ್ರಿ ಅಂಗಾತ ಮಲಗದೆ ಮಗ್ಗುಲಾಗಿ, ತಲೆದಿಂಬು ಎತ್ತರಿಸಿ ಮಲಗಬೇಕು. ಮದ್ಯವೂ ಬೇಡ, ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆಯೂ ಬೇಡ. ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಕರೆಂಟಿನ ದೂರಿಗೆ 1912 ಸಂಖ್ಯೆ ಮೊಬೈಲಿನಲ್ಲಿರಲಿ.

ಬಿಲ್ಲಿನ ಭಯಕ್ಕೂ ಕೆಲವು ಮನೆಗಳಲ್ಲಿ ಮೆಷಿನ್ ಆರಿಸುತ್ತಾರೆ. ಧಾರಾಳವಾಗಿ 30 ವ್ಯಾಟ್ ಹಿಡಿದರೂ, ಎಂಟು ಗಂಟೆ, ಮೂವತ್ತು ರಾತ್ರಿ ಎಂದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಹ್ಯುಮಿಡಿಫೈಯರ್ ಸೇರಿದರೆ ಸುಮಾರು 15. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ಇರುವುದರಿಂದ ಹೊಸ ಮೆಷಿನ್ ಬಂದ ತಿಂಗಳು ಅದು ಸ್ವಲ್ಪ ಮೀರಬಹುದು. ಒಟ್ಟು ಬಳಕೆ 200 ಯೂನಿಟ್ ದಾಟದಿದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ. ಆ ಖರ್ಚಿಗೆ ಹೆದರಿ ಉಸಿರನ್ನು ಕಟ್ಟಿಸಿಕೊಳ್ಳುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಇನ್ನು ನೀರು. ಕೆ.ಆರ್. ನಗರ, ಸಾಲಿಗ್ರಾಮ ಭತ್ತದ ಕಣಜವೆಂದು ಹೆಸರಾಗಿರುವುದು ಕಾವೇರಿಯ ನಾಲೆಗಳಿಂದ. ಆದರೂ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಹಳ್ಳಿಯ ಗೃಹಿಣಿಯರು ಬಲ್ಲರು. ಅದೇ ಪದರ ಹ್ಯುಮಿಡಿಫೈಯರ್ ತೊಟ್ಟಿಯಲ್ಲೂ ಕಟ್ಟುತ್ತದೆ. ಕುದಿಸುವುದರಿಂದ ಕ್ರಿಮಿ ಸಾಯುತ್ತವೆ, ಲವಣವೆಲ್ಲ ಹೋಗುವುದಿಲ್ಲ. ಆದ್ದರಿಂದ ತೊಟ್ಟಿಗೆ ಮೆಡಿಕಲ್ ಸ್ಟೋರಿನ ಸೀಲ್ ಇರುವ ಡಿಸ್ಟಿಲ್ಡ್ ವಾಟರ್. ಯುಪಿಎಸ್ ಬ್ಯಾಟರಿಗೆಂದು ತಂದಿಟ್ಟ ಕ್ಯಾನು ಬೇರೆ, ಇದು ಬೇರೆ. ಎರಡನ್ನೂ ಒಂದೇ ಮೂಲೆಯಲ್ಲಿ ಇಡಲೇಬಾರದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಮಾಸ್ಕ್ ತೊಳೆಯಲು ಧಾರಾಳವಾಗಿ ಆಗುತ್ತದೆ. ಬೆಳಿಗ್ಗೆ ಎದ್ದೊಡನೆ ಉಳಿದ ನೀರು ಚೆಲ್ಲಿ, ತೊಟ್ಟಿ ಒಣಗಲು ಬಿಡಬೇಕು. ನೀರು ತುಂಬಿದ ಮೆಷಿನ್ ಎತ್ತಿ ಓಡಾಡಬಾರದು, ವಾಲಿದರೆ ನೀರು ಮೋಟಾರಿಗೆ ಇಳಿಯುತ್ತದೆ.

ಮಾಸ್ಕಿನ ಮೆತ್ತೆ ಮುಖಕ್ಕೆ ಅಂಟುವುದು ಸಿಲಿಕೋನ್‌ನಿಂದ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಮುಖಕ್ಕೆ ಕ್ರೀಮು ಸವರಿ ಮಲಗಿದರೆ ಅದು ಜಾರುತ್ತದೆ, ಗಾಳಿ ಕಣ್ಣಿನ ಕಡೆ ಸೋರುತ್ತದೆ. ಮಲಗುವ ಮುನ್ನ ಮುಖ ತೊಳೆಯುವುದು, ಬೆಳಿಗ್ಗೆ ಮೆತ್ತೆಯನ್ನು ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ನೆರಳಲ್ಲಿ ಒಣಗಿಸುವುದು, ವಾರಕ್ಕೊಮ್ಮೆ ಪೈಪನ್ನೂ ಹಾಗೇ ತೊಳೆದು ನೇತುಹಾಕುವುದು: ಇಷ್ಟೇ ದಿನಚರಿ. ಡೆಟಾಲ್, ಬ್ಲೀಚಿಂಗ್ ಪುಡಿ, ಕುದಿಯುವ ನೀರು, ಉರಿಬಿಸಿಲು ಯಾವುದೂ ಬೇಡ. ಓಝೋನ್ ಹಾಯಿಸಿ ಕ್ರಿಮಿ ಕೊಲ್ಲುವ ಪೆಟ್ಟಿಗೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿತ್ತು. ಮರುವರ್ಷ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಮೆಷಿನ್‌ಗಳನ್ನು ವಾಪಸು ಕರೆಯಿತು. ಒಳಗಿನ ಸದ್ದು ತಡೆಯುವ ಫೋಮ್ ಪುಡಿಯಾಗಿ ಉಸಿರಿನೊಳಗೆ ಸೇರುವ ಅಪಾಯವಿತ್ತು. ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಳ್ಳುವವರು ಮಾದರಿಯ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡದೆ ದುಡ್ಡು ಕೊಡಬಾರದು.

ಹಳ್ಳಿಯ ದೊಡ್ಡ ಶತ್ರು ಧೂಳು. ಕಣದ ಹೊಟ್ಟು, ಹುಣಸೂರು–ಪಿರಿಯಾಪಟ್ಟಣದ ಕಡೆ ತಂಬಾಕು ಹದಮಾಡುವ ಬ್ಯಾರನ್ನುಗಳ ಹೊಗೆ, ಒಲೆ, ಊದುಬತ್ತಿ, ಸೊಳ್ಳೆ ಬತ್ತಿ ಎಲ್ಲವೂ ಮೆಷಿನ್ ಬೆನ್ನಿನ ಬೆರಳಗಲದ ಫಿಲ್ಟರ್‌ಗೆ ಬಂದು ಕೂರುತ್ತವೆ. ಅದನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಕಾಲ ಬಂದಿದೆ. ಕಂಪನಿ ಆರು ತಿಂಗಳೆಂದರೂ ಸುಗ್ಗಿಯ ದಿನಗಳಲ್ಲಿ ಅಷ್ಟು ಕಾಯಲಾಗದು. ಕಾಗದದಂಥ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು, ಸ್ಪಂಜಿನಂಥದ್ದನ್ನು ಮಾತ್ರ ತೊಳೆಯಬಹುದು. ಮೆಷಿನ್ ನೆಲದ ಮೇಲೆ ಬೇಡ, ಮಂಚಕ್ಕಿಂತ ತುಸು ತಗ್ಗಿನ ಸ್ಟೂಲ್ ಮೇಲಿರಲಿ. ಹಗಲಲ್ಲಿ ಪೈಪಿನ ಬಾಯಿಗೆ ಬಟ್ಟೆ ಮುಚ್ಚಿದರೆ ಇರುವೆ, ಜಿರಲೆ ಹೊಗುವುದಿಲ್ಲ. ಸಾಲಿಗ್ರಾಮಕ್ಕೆ ಬಿಡಿಭಾಗ ಮೈಸೂರಿನಿಂದಲೇ ಬರಬೇಕಾಗಬಹುದು. ಒಂದು ಮೆತ್ತೆ, ಎರಡು ಫಿಲ್ಟರ್ ಮನೆಯಲ್ಲಿ ಮೊದಲೇ ಇದ್ದರೆ ಒಳ್ಳೆಯದು.

ಮದುವೆಗೋ ಜಾತ್ರೆಗೋ ನೆಂಟರ ಮನೆಗೆ ಹೊರಟಾಗ ಸಂಕೋಚಪಟ್ಟು ಮೆಷಿನ್ ಬಿಟ್ಟು ಹೋಗುವವರು ಬಹಳ. ಒಂದು ಕೈಚೀಲದಷ್ಟು ಜಾಗ ಸಾಕು ಅದಕ್ಕೆ. ಹರ್ನಿಯಾವೋ ಮಂಡಿಯೋ, ಯಾವುದೇ ಆಪರೇಷನ್‌ಗೆ ಆಸ್ಪತ್ರೆ ಸೇರುವಾಗ ಅಡಾಪ್ಟರ್, ಮಾಸ್ಕ್ ಸಮೇತ ಒಯ್ದು, ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಹೇಳಬೇಕು: ಅರಿವಳಿಕೆಯ ಅಮಲು ಇಳಿಯುವ ಹೊತ್ತಿನಲ್ಲೇ ಗಂಟಲು ಮುಚ್ಚುವ ಸಂಭವ ಹೆಚ್ಚು.