ಕಬ್ಬಿಣದೊಳಗಿನ ಕಿಂಡಿ

ಸಂಡೂರಿನ ಗುಡ್ಡದಲ್ಲಿ ಅಗೆದ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುವ ಕತೆ ಬಳ್ಳಾರಿ ಸೀಮೆಯವರಿಗೆ ಹೊಸದಲ್ಲ. ಅದಿರಿನಲ್ಲಿ ಕಬ್ಬಿಣದ ಅಂಶ ಎಷ್ಟಿದ್ದರೆ ದರ ಎಷ್ಟು ಸಿಗುತ್ತದೆ ಎಂದು ಇಲ್ಲಿ ಚಹಾದಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಇದೇ ಕಬ್ಬಿಣದ ಬಗ್ಗೆ ಜಗತ್ತಿನ ಪರಮಾಣು ವಿಜ್ಞಾನಿಗಳು ದಶಕಗಳಿಂದ ಬೇರೊಂದು ಪ್ರಶ್ನೆ ಹಿಡಿದು ಕೂತಿದ್ದಾರೆ: ಕಬ್ಬಿಣದ ದಪ್ಪ ಗೋಡೆಗೆ ನುಗ್ಗಿದ ನ್ಯೂಟ್ರಾನ್ ಎಷ್ಟು ದೂರ ಹೋಗಿ ನಿಲ್ಲುತ್ತದೆ?

ಉತ್ತರ ಆ ನ್ಯೂಟ್ರಾನಿನ ಶಕ್ತಿಯ ಮೇಲೆ ನಿಂತಿದೆ. ಸಾಮಾನ್ಯವಾಗಿ ಅದು ಕೆಲವೇ ಸೆಂಟಿಮೀಟರಿಗೊಮ್ಮೆ ಯಾವುದಾದರೊಂದು ಪರಮಾಣುವಿನ ಬೀಜಕ್ಕೆ ಡಿಕ್ಕಿ ಹೊಡೆಯುತ್ತದೆ. ಡಿಕ್ಕಿಯ ಸಂಭವವನ್ನು ಅಳೆಯುವ ಏಕಮಾನ ಬಾರ್ನ್. ಒಂದು ಚದರ ಸೆಂಟಿಮೀಟರನ್ನು 1ರ ಮುಂದೆ 24 ಸೊನ್ನೆ ಇರುವ ಸಂಖ್ಯೆಯಿಂದ ಭಾಗಿಸಿದಷ್ಟು. ನಿಸರ್ಗದ ಕಬ್ಬಿಣದಲ್ಲಿ ಶೇಕಡಾ 92ರ ಹತ್ತಿರ ಇರುವುದು ಕಬ್ಬಿಣ-56. 24 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಸುತ್ತಮುತ್ತ ಈ ಬೀಜ ನ್ಯೂಟ್ರಾನಿಗೆ ಹೆಚ್ಚುಕಡಿಮೆ ಕಾಣದಂತಾಗುತ್ತದೆ. ಚೆದುರಿಕೆಯ ಎರಡು ಅಲೆಗಳು ಅಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಆ ಶಕ್ತಿಯ ನ್ಯೂಟ್ರಾನ್ ಗೇಣುದ್ದ ಕಬ್ಬಿಣವನ್ನು ಡಿಕ್ಕಿಯೇ ಇಲ್ಲದೆ ದಾಟಿಬಿಡಬಹುದು. ಅಷ್ಟು ಗಟ್ಟಿ ಲೋಹದಲ್ಲಿ ಹೀಗೊಂದು ಕಿಂಡಿ! ಪ್ರಯೋಗಾಲಯಗಳು ಇದನ್ನೇ ಬಳಸಿಕೊಂಡು, ದಪ್ಪ ಕಬ್ಬಿಣದಿಂದ ನ್ಯೂಟ್ರಾನುಗಳನ್ನು ಸೋಸಿ ಒಂದೇ ಶಕ್ತಿಯ ಕಿರಣ ಪಡೆಯುತ್ತವೆ. ರಿಯಾಕ್ಟರಿನ ರಕ್ಷಾಕವಚ ಕಟ್ಟುವವರಿಗಾದರೋ ಈ ಕಿಂಡಿ ಕಣ್ಣಿಗೆ ಕಾಣದ ಸೋರಿಕೆ. ಅದರ ಅಗಲ ಮತ್ತು ಆಳವನ್ನು ತಪ್ಪಾಗಿ ಬರೆದುಕೊಂಡರೆ ಕವಚದ ಆಚೆ ನಿಂತವರಿಗೆ ತಗಲುವ ವಿಕಿರಣದ ಲೆಕ್ಕವೂ ತಪ್ಪುತ್ತದೆ.

ಇಂಥ ಲೆಕ್ಕವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಮಾಂಟೆ ಕಾರ್ಲೊ ವಿಧಾನದಲ್ಲಿ ಕೋಟಿಗಟ್ಟಲೆ ನ್ಯೂಟ್ರಾನುಗಳನ್ನು ಒಂದೊಂದಾಗಿ ಹೊರಡಿಸಿ, ಎಲ್ಲಿ ಡಿಕ್ಕಿ, ಯಾವ ಕಡೆ ತಿರುವು, ಎಲ್ಲಿ ಅಂತ್ಯ ಎಂದು ಹಿಂಬಾಲಿಸುತ್ತದೆ. ಒಂದೊಂದು ಹೆಜ್ಜೆಗೂ ಅದು ಒಂದು ಕೋಶವನ್ನು ತೆರೆದು ನೋಡಬೇಕು. ಅದೇ ಇವ್ಯಾಲ್ಯುಯೇಟೆಡ್ ನ್ಯೂಕ್ಲಿಯರ್ ಡೇಟಾ ಲೈಬ್ರರಿ, ಅಂದರೆ ಅಳತೆಗಳನ್ನೆಲ್ಲ ತೂಗಿ ನೋಡಿ ಸಿದ್ಧಪಡಿಸಿದ ದತ್ತಾಂಶ ಕೋಶ. ಅಮೆರಿಕದ್ದು ಇಎನ್‌ಡಿಎಫ್, ಜಪಾನಿನದು ಜೆಂಡಲ್, ಯುರೋಪಿನದು ಜೆಫ್, ಚೀನಾದ್ದು ಸೆಂಡಲ್, ರಷ್ಯಾದ್ದು ಬ್ರಾಂಡ್. 2018ರಲ್ಲಿ ಬಂದ ಇಎನ್‌ಡಿಎಫ್ ಎಂಟನೇ ಆವೃತ್ತಿಯ ನ್ಯೂಟ್ರಾನ್ ವಿಭಾಗದಲ್ಲಿ 557 ಬೀಜಗಳ ಕಡತಗಳಿದ್ದವು.

ಆ ಕಡತಗಳ ರೂಪ ನೋಡಬೇಕು. 1960ರ ದಶಕದಲ್ಲಿ ತೂತು ಕೊರೆದ ರಟ್ಟಿನ ಕಾರ್ಡುಗಳ ಕಾಲಕ್ಕೆ ಗೊತ್ತುಮಾಡಿದ 80 ಕಾಲಮ್ಮುಗಳ ಸಾಲು ಇವತ್ತಿಗೂ ಹಾಗೇ ಉಳಿದಿದೆ. ಒಂದು ಸಾಲಿಗೆ ಆರು ಸಂಖ್ಯೆ, ಒಂದೊಂದಕ್ಕೆ ಹನ್ನೊಂದು ಮನೆ. ಜಾಗ ಉಳಿಸಲು ಘಾತವನ್ನು ಸೂಚಿಸುವ ಅಕ್ಷರವನ್ನೇ ಬಿಟ್ಟು 1.234567+5 ಎಂದು ಬರೆಯುತ್ತಾರೆ. ಕಬ್ಬಿಣ-56ರ ಕಡತ 2631. ಅದರೊಳಗೆ 102 ಎಂದರೆ ನ್ಯೂಟ್ರಾನನ್ನು ಬೀಜ ನುಂಗಿದ ಲೆಕ್ಕ, 2 ಎಂದರೆ ಪುಟಿದು ಚೆದುರಿದ್ದು. ಅರ್ಧ ಶತಮಾನ ದಾಟಿದರೂ ಬಾಳುತ್ತಿರುವ ಈ ಶಿಸ್ತಿನ ಬಗ್ಗೆ ನನಗೆ ಗೌರವವಿದೆ.

ಪ್ರಯೋಗಾಲಯಗಳಲ್ಲಿ ಅಳೆದದ್ದೆಲ್ಲ ಮೊದಲು ಎಕ್ಸ್‌ಫೋರ್ ಎಂಬ ಅಂತರರಾಷ್ಟ್ರೀಯ ಭಂಡಾರಕ್ಕೆ ಬರುತ್ತದೆ. ಅಲ್ಲಿ 25,000ಕ್ಕೂ ಹೆಚ್ಚು ಪ್ರಯೋಗಗಳ ದಾಖಲೆ ಇದೆ. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ, ಕೆಲವು ಶಕ್ತಿಗಳಲ್ಲಿ ಅಳತೆಯೇ ಇರುವುದಿಲ್ಲ. ಇಲ್ಲದ ಕಡೆ ಸಿದ್ಧಾಂತದಿಂದ ತುಂಬಬೇಕು, ಇದ್ದ ಕಡೆ ಯಾವುದನ್ನು ಎಷ್ಟು ನಂಬಬೇಕೆಂದು ತೀರ್ಮಾನಿಸಬೇಕು.

ಈ ತೀರ್ಮಾನ ಎಷ್ಟು ಕಷ್ಟದ್ದೆಂದು ತೋರಿಸುವ ಒಗಟೊಂದನ್ನು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ರಾಬರ್ಟ್ ಪೀಲ್ 1987ರಲ್ಲಿ ಮುಂದಿಟ್ಟರು. ಒಂದೇ ವಸ್ತುವಿನ ಎರಡು ಅಳತೆ: ಒಂದು 1.5, ಇನ್ನೊಂದು 1.0. ಎರಡಕ್ಕೂ ತಮ್ಮತಮ್ಮ ದೋಷ ಶೇಕಡಾ 10, ಜೊತೆಗೆ ಎರಡಕ್ಕೂ ಸೇರಿದ ಸಾಮಾನ್ಯ ದೋಷ ಶೇಕಡಾ 20. ಸರಾಸರಿ ಎಷ್ಟು? ಎಲ್ಲರೂ ಬಳಸುವ ಲಘುತಮ ವರ್ಗ ವಿಧಾನದಲ್ಲಿ ಹಾಕಿದರೆ ಬರುವ ಉತ್ತರ 0.88. ಎರಡು ಅಳತೆಗಳಿಗಿಂತಲೂ ಕಡಿಮೆ! ಸಿರುಗುಪ್ಪದಲ್ಲಿ ಭತ್ತದ ಲಾರಿಯನ್ನು ಒಂದೇ ವೇಬ್ರಿಜ್ ಮೇಲೆ ಇಬ್ಬರು ತೂಗಿದರೆಂದುಕೊಳ್ಳಿ; ಇಬ್ಬರೂ ಜೋಪಾನವಾಗಿ ತೂಗಿದರೂ ವೇಬ್ರಿಜ್‌ನ ದೋಷ ಇಬ್ಬರ ಚೀಟಿಯಲ್ಲೂ ಇರುತ್ತದೆ. ಆ ದೋಷವನ್ನು ಪ್ರತಿ ಚೀಟಿಯ ಅಂಕಿಯ ಮೇಲೆ ಬೇರೆಬೇರೆಯಾಗಿ ಲೆಕ್ಕ ಹಾಕಿದ್ದರಿಂದಲೇ ಪೀಲ್ ಅವರ ಉತ್ತರ ಹಾಗೆ ಕೆಳಗಿಳಿಯಿತು. ಕೊನೆಗೆ ನಿಲ್ಲುವ ಸರಾಸರಿಯ ಮೇಲೆ ಹಾಕಿದರೆ ಉತ್ತರ ಎರಡರ ನಡುವೆ ಬರುತ್ತದೆ. ಹೀಗೆ ಅಳತೆಗಳ ನಡುವಿನ ದೋಷದ ನಂಟನ್ನು ಕೋವೇರಿಯನ್ಸ್ ಎನ್ನುತ್ತಾರೆ. ಕಡತದಲ್ಲಿ ಅದಕ್ಕೆಂದೇ ಪ್ರತ್ಯೇಕ ವಿಭಾಗಗಳಿವೆ.

ಈ ವಿಷಯದಲ್ಲಿ ಕರ್ನಾಟಕದ ಹೆಸರೂ ಬರುತ್ತದೆ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಎಸ್. ಗಣೇಶನ್ ದೇಶದ ವಿಶ್ವವಿದ್ಯಾಲಯಗಳನ್ನು ಪರಮಾಣು ದತ್ತಾಂಶದ ಕೆಲಸಕ್ಕೆ ಎಳೆದು ತಂದವರು. ಅವರ ಜೊತೆ ಕೋವೇರಿಯನ್ಸ್ ಮೇಲೆ ಕೆಲಸ ಮಾಡಿದ್ದು ಮಣಿಪಾಲದ ಸಂಖ್ಯಾಶಾಸ್ತ್ರ ವಿಭಾಗ. ರಿಯಾಕ್ಟರ್ ಇಲ್ಲದ ಊರಿನಲ್ಲಿ, ಭೌತಶಾಸ್ತ್ರದವರಲ್ಲದ ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿ ಮಾಡಿದ ಕೆಲಸ ಅದು.

ಕೋಶದಲ್ಲಿ ಸೇರಿದ ಮಾತ್ರಕ್ಕೆ ಸಂಖ್ಯೆ ಸರಿ ಎಂದಾಗುವುದಿಲ್ಲ. ಕಬ್ಬಿಣವೇ ಸಾಕ್ಷಿ. ಹೈಡ್ರೋಜನ್, ಆಮ್ಲಜನಕ, ಕಬ್ಬಿಣ, ಎರಡು ಬಗೆಯ ಯುರೇನಿಯಂ, ಪ್ಲುಟೋನಿಯಂ ಇವಿಷ್ಟನ್ನು ಹಲವು ದೇಶದವರು ಒಟ್ಟಿಗೆ ಕೂತು ಹೊಸದಾಗಿ ತೂಗಿ 2018ರ ಆವೃತ್ತಿಗೆ ಕೊಟ್ಟರು. ದಪ್ಪ ಕಬ್ಬಿಣದಿಂದ ಹೊರಬರುವ ವೇಗದ ನ್ಯೂಟ್ರಾನುಗಳನ್ನು ಪ್ರಯೋಗದಲ್ಲಿ ಎಣಿಸಿದಾಗ ಹೊಸ ಕಡತ ಹೇಳಿದ್ದಕ್ಕಿಂತ ಹೆಚ್ಚು ಸೋರುತ್ತಿತ್ತು. ಮತ್ತೆ ತಿದ್ದಿ 2024ರ ಆವೃತ್ತಿಗೆ ಸೇರಿಸಿದರು.

ಭಾರತದ ಹೆಸರಿನಲ್ಲಿ ಇಂಥ ಪೂರ್ಣ ಕೋಶ ಇನ್ನೂ ಇಲ್ಲ. ಆದರೂ ನಮ್ಮ ಅಗತ್ಯ ಬೇರೆಯವರಿಗಿಂತ ಬೇರೆ, ನಮಗೆ ಬೇಕಾದದ್ದು ಥೋರಿಯಂನ ಲೆಕ್ಕ. ಕುರುಗೋಡಿನ ಬೆಟ್ಟದಂಥ ಗ್ರಾನೈಟ್ ಬಂಡೆಗಳಲ್ಲಿ ಥೋರಿಯಂ ಒಂದಿಷ್ಟು ಇದ್ದೇ ಇರುತ್ತದೆ. ಗಣಿ ಮಾಡುವಷ್ಟು ಸಿಗುವುದು ಕೇರಳದಂಥ ಕರಾವಳಿಯ ಮರಳಿನಲ್ಲಿ. ಥೋರಿಯಂ ನ್ಯೂಟ್ರಾನ್ ನುಂಗಿ ಪ್ರೊಟಾಕ್ಟಿನಿಯಂ-233 ಆಗುತ್ತದೆ, ಅದು 27 ದಿನದ ಅರ್ಧಾಯುಷ್ಯದಲ್ಲಿ ಯುರೇನಿಯಂ-233 ಎಂಬ ಇಂಧನವಾಗುತ್ತದೆ. ನಡುವೆ ಇನ್ನೊಂದು ನ್ಯೂಟ್ರಾನ್ ತಗಲಿದರೆ ಇಂಧನ ಕೈತಪ್ಪುತ್ತದೆ. ಅಷ್ಟು ಬೇಗ ಕರಗುವ ವಸ್ತುವನ್ನು ಗುರಿಯಾಗಿಟ್ಟು ಅಳೆಯುವುದು ಬಲು ಕಷ್ಟ. ಅದಕ್ಕೆ ಮುಂಬೈಯವರು ಥೋರಿಯಂ ಮೇಲೆ ಲಿಥಿಯಂ ಹಾಯಿಸಿ, ಬಳಸುದಾರಿಯಲ್ಲಿ ಪ್ರೊಟಾಕ್ಟಿನಿಯಂನ ವಿದಳನವನ್ನು ಅಂದಾಜು ಮಾಡಿ 2008ರಲ್ಲಿ ಪ್ರಕಟಿಸಿದರು. ಯುರೇನಿಯಂ-233ರಿಂದ ನಡೆಯುವ ಕಾಮಿನಿ ರಿಯಾಕ್ಟರ್ ಕಲ್ಪಾಕ್ಕಂನಲ್ಲಿ 1996ರಿಂದ ಇದೆ. ಇಷ್ಟೆಲ್ಲ ಇದ್ದೂ ಲೆಕ್ಕಕ್ಕೆ ಕೂತಾಗ ನಾವು ತೆರೆಯುವುದು ಹೊರಗಿನವರ ಕೋಶವನ್ನೇ. 1979ರ ಇಎನ್‌ಡಿಎಫ್ ಐದನೇ ಆವೃತ್ತಿಯ ಬಹುಭಾಗ ಅಮೆರಿಕ, ಕೆನಡಾಗಳ ಆಚೆಗೆ ಮುಕ್ತವಾಗಿ ಸಿಗಲಿಲ್ಲ ಎಂಬುದನ್ನು ನೆನೆದರೆ ಇದು ನೆಮ್ಮದಿಯ ಸಂಗತಿಯಲ್ಲ.

ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1956ರಲ್ಲಿ ಅಪ್ಸರಾ ರಿಯಾಕ್ಟರ್ ಶುರುವಾದ ಮೇಲೆ ಅದರ ನ್ಯೂಟ್ರಾನುಗಳಿಂದ ವಿದಳನವನ್ನು ಅಳೆಯುವ ತಂಡ ಕಟ್ಟಿದರು. ಆ ತಲೆಮಾರು ಹೋಗಿದೆ, ಅವರ ಕೈಕೆಳಗೆ ಕಲಿತವರೂ ನಿವೃತ್ತರಾಗಿದ್ದಾರೆ. ತೂಗುವ ಕೆಲಸ ತಿಂಗಳುಗಟ್ಟಲೆ ಒಂದೇ ಬೀಜದ ಮುಂದೆ ಕೂರಿಸುತ್ತದೆ. ಮುಗಿದಾಗ ಸಿಗುವುದು ಕಡತದ ತಲೆಯಲ್ಲಿ ಒಂದು ಹೆಸರು. ಇಂಥದಕ್ಕೆ ಹುಡುಗರು ಬರಬೇಕಾದರೆ ಯಾರಾದರೂ ಕರೆಯಬೇಕು. ಸಂಡೂರಿನ ನಂದಿಹಳ್ಳಿಯಲ್ಲಿ ಖನಿಜ ಸಂಸ್ಕರಣೆ ಕಲಿಯುವವರಿದ್ದಾರೆ, ಬಳ್ಳಾರಿಯಲ್ಲಿ ಭೌತಶಾಸ್ತ್ರ ಓದುವವರಿದ್ದಾರೆ. ವೇಗವರ್ಧಕ ಬೇಡ, ರಿಯಾಕ್ಟರ್ ಬೇಡ. ಎಕ್ಸ್‌ಫೋರ್ ಎಲ್ಲರಿಗೂ ತೆರೆದಿದೆ, ಕಂಪ್ಯೂಟರ್ ಮತ್ತು ತಾಳ್ಮೆ ಇದ್ದರೆ ಕೆಲಸ ಹಿಡಿಯಬಹುದು. ಥೋರಿಯಂ-232ರ ಕಡತ ಸಂಖ್ಯೆ 9040. ಅದರ ತಲೆಯಲ್ಲಿ ಈ ಕಡೆಯವರೊಬ್ಬರ ಹೆಸರು ಓದಬೇಕೆಂಬ ಆಸೆ ನನಗಿದೆ.