ಎರಡು ಪಟ್ಟಿ, ಒಂದು ನಂಬರ್: ಚುನಾವಣಾ ಬಾಂಡ್ ಕಲಿಸಿದ ಡೇಟಾ ಪಾಠ

2024ರ ಮಾರ್ಚ್ 14ರಂದು ಚುನಾವಣಾ ಆಯೋಗದ ವೆಬ್‌ಸೈಟಿಗೆ ಎರಡು ಪಟ್ಟಿಗಳು ಬಂದವು. ಒಂದರಲ್ಲಿ ಬಾಂಡ್ ಕೊಂಡವರ ಹೆಸರು, ದಿನಾಂಕ, ಮೊತ್ತ. ಇನ್ನೊಂದರಲ್ಲಿ ಅದನ್ನು ನಗದು ಮಾಡಿಕೊಂಡ ಪಕ್ಷ, ದಿನಾಂಕ, ಮೊತ್ತ. ಎಲ್ಲಾ ಇತ್ತು, ಬೇಕಾಗಿದ್ದೊಂದು ಬಿಟ್ಟು. ಯಾರ ದುಡ್ಡು ಯಾರಿಗೆ ಹೋಯ್ತು?

ಸ್ವಲ್ಪ ಪೈಥಾನ್ ಗೊತ್ತಿರೋರು 'ಮರ್ಜ್ ಮಾಡಿದ್ರಾಯ್ತಲ್ಲ' ಅಂತಾರೆ. ನಿಜ, ಪ್ಯಾಂಡಾಸ್ ಲೈಬ್ರರಿಯಲ್ಲಿ ಎರಡು ಟೇಬಲ್ ಸೇರಿಸೋದು ಒಂದೇ ಸಾಲಿನ ಕೆಲಸ. ಆದರೆ ಎರಡರಲ್ಲೂ ಇರುವ, ಪ್ರತಿ ಬಾಂಡನ್ನೂ ಬೇರೆಯಾಗಿ ಗುರುತಿಸುವ ಒಂದು ಕಾಲಂ ಬೇಕು. ಅದೇ 'ಕೀ'. ಮೊತ್ತವನ್ನೇ ಕೀ ಮಾಡಿಕೊಂಡರೆ? ಕೋಟಿ ರೂಪಾಯಿಯ ಬಾಂಡ್ ಈ ಕಡೆ 3, ಆ ಕಡೆ 4 ಇದ್ದರೆ ಕಂಪ್ಯೂಟರ್ ಎಲ್ಲವನ್ನೂ ಎಲ್ಲದಕ್ಕೂ ಜೋಡಿಸಿ 12 ಸಾಲು ಕೊಡುತ್ತೆ. ಎರರ್ ಬರಲ್ಲ, ಬರೋದು ಸುಳ್ಳು.

ಕೀ ಇರಲಿಲ್ಲವೇ? ಇತ್ತು. ಪ್ರತಿ ಬಾಂಡಿನ ಮೇಲೂ ಅತಿನೇರಳೆ ಬೆಳಕಿನಲ್ಲಷ್ಟೇ ಕಾಣುವ ನಂಬರ್ ಇತ್ತು. ಸುಪ್ರೀಂ ಕೋರ್ಟ್ ಫೆಬ್ರವರಿ 15ರಂದು ಯೋಜನೆಯನ್ನೇ ರದ್ದು ಮಾಡಿದ ಮೇಲೆ ಎಸ್‌ಬಿಐ, ಮಾಹಿತಿ ಎರಡು ಕಡೆ ಇದೆ, ಹೊಂದಿಸೋಕೆ ಜೂನ್ 30ರ ತನಕ ಸಮಯ ಬೇಕು ಎಂದಿತು. ಲೋಕಸಭಾ ಚುನಾವಣೆ ಮುಗಿದ ಮೇಲೆ, ಅನ್ನಿ. ಕೋರ್ಟ್ ಒಪ್ಪಲಿಲ್ಲ. ನಂಬರ್‌ಗಳನ್ನೂ ಕೊಡಿ ಎಂದಿತು. ಮಾರ್ಚ್ 21ರಂದು ನಂಬರ್ ಸಮೇತ ಪಟ್ಟಿ ಬಂತು. ತಿಂಗಳುಗಟ್ಟಲೆ ಬೇಕು ಅಂದಿದ್ದ ಕೆಲಸವನ್ನು ಪತ್ರಕರ್ತರು, ಹವ್ಯಾಸಿ ಕೋಡರ್‌ಗಳು ಲ್ಯಾಪ್‌ಟಾಪಿನಲ್ಲೇ ಬೇಗ ಮುಗಿಸಿದರು.

ಆದರೆ ಇಲ್ಲೂ ಒಂದು ಹುಷಾರಿ ಬೇಕು. ಬಾಂಡಿನ ನಂಬರ್ ಒಂದೇ ಸಾಲದು, ಮುಂದಿರುವ ಎರಡಕ್ಷರದ ಸಂಕೇತವನ್ನೂ ಸೇರಿಸಿ ಕೀ ಮಾಡಬೇಕು. ಆಮೇಲಿನ ಪ್ರಶ್ನೆ, ಜೋಡಿ ಸಿಗದ ಸಾಲುಗಳನ್ನು ಏನು ಮಾಡೋದು? 'ಇನ್ನರ್' ಅಂದರೆ ಎರಡೂ ಕಡೆ ಇರುವವು ಮಾತ್ರ ಉಳಿಯುತ್ತವೆ. 'ಲೆಫ್ಟ್' ಅಂದರೆ ಮೊದಲ ಪಟ್ಟಿ ಪೂರ್ತಿ. 'ಔಟರ್' ಅಂದರೆ ಎಲ್ಲವೂ, ಜೋಡಿ ಇಲ್ಲದ ಕಡೆ ಖಾಲಿ. ನೀವು ಏನೂ ಹೇಳದಿದ್ದರೆ ಪ್ಯಾಂಡಾಸ್ ಇನ್ನರ್ ಮಾಡುತ್ತೆ.

ಪ್ರಕಟವಾದ ಪಟ್ಟಿಯಲ್ಲಿ ಖರೀದಿ 18,871, ನಗದಾಗಿದ್ದು 20,421. ಕೊಂಡಿದ್ದಕ್ಕಿಂತ ನಗದಾಗಿದ್ದೇ ಜಾಸ್ತಿ! ಮೋಸ ಅಲ್ಲ. ಪಟ್ಟಿ ಶುರುವಾಗೋದು 2019ರ ಏಪ್ರಿಲ್ 12ರಿಂದ. ಅದಕ್ಕೂ ಮುಂಚೆ ಕೊಂಡು ಆಮೇಲೆ ನಗದಾದ ಬಾಂಡ್‌ಗಳಿಗೆ ಕೊಂಡವರ ಹೆಸರಿಲ್ಲ. ಅಂದರೆ ಕನಿಷ್ಠ 1,550 ಸಾಲುಗಳಿಗೆ ಜೋಡಿ ಇಲ್ಲ. ಇನ್ನರ್ ಮಾಡಿದರೆ ಅವೆಲ್ಲ ಸದ್ದಿಲ್ಲದೆ ಮಾಯ. ಪಕ್ಷಗಳಿಗೆ ಬಂದ ಹಣವೂ ಅಷ್ಟು ಕಮ್ಮಿ ಕಾಣುತ್ತೆ. ಔಟರ್ ಮಾಡಿ, 'ಇಂಡಿಕೇಟರ್' ಆನ್ ಮಾಡಿದರೆ ಯಾವ ಸಾಲು ಎಲ್ಲಿಂದ ಬಂತು ಅಂತ ಪಕ್ಕದಲ್ಲೇ ಬರೆದಿರುತ್ತೆ. ನನ್ನ ಪ್ರಕಾರ ಆ ಖಾಲಿ ಜಾಗಗಳೇ ಮುಖ್ಯ ಸುದ್ದಿ. ಆ ದಾನಿಗಳು ಯಾರು ಅಂತ ಈ ಪಟ್ಟಿ ಹೇಳಲ್ಲ.

ಹಾಗಾಗಿ ಯಾರೇ ಚಾರ್ಟ್ ತೋರಿಸಿದರೂ ಎರಡು ಪ್ರಶ್ನೆ ಕೇಳಿ. ಯಾವ ಕೀ ಮೇಲೆ ಸೇರಿಸಿದ್ರಿ? ಎಷ್ಟು ಸಾಲು ಬಿದ್ದುಹೋಯ್ತು?

ನಮ್ಮ ಬ್ಯಾಂಕು, ಪ್ಯಾನು, ರೇಷನ್ ಕಾರ್ಡು ಜೋಡಿಸೋಕೆ ಸರ್ಕಾರದ ಹತ್ತಿರ ಆಧಾರ್ ಎಂಬ ಕೀ ರೆಡಿ ಇದೆ. ಪಕ್ಷಗಳ ದುಡ್ಡಿನ ಕೀ ನೋಡೋಕೆ ಮಾತ್ರ ನಮಗೆ ಸುಪ್ರೀಂ ಕೋರ್ಟೇ ಬೇಕಾಯ್ತು.