ಬೆನ್ನಟ್ಟಿದರೆ ಸೋಲು, ಬಯಲು ಕಸಿದರೆ ಗೆಲುವು

ಕ್ರಿ.ಪೂ. 53ರಲ್ಲಿ ರೋಮನ್ ಸೇನಾನಿ ಕ್ರಾಸಸ್ ಏಳು ಲೀಜನ್‌ಗಳೊಂದಿಗೆ ಕ್ಯಾರೆ ಬಯಲಿಗೆ ಬಂದ. ಇದು ಇಂದಿನ ಟರ್ಕಿಯ ದಕ್ಷಿಣದಲ್ಲಿದೆ. ಎದುರಿಗಿದ್ದ ಪಾರ್ಥಿಯನ್ ದಳಪತಿ ಸುರೇನನ ಬಳಿ ಸುಮಾರು 10,000 ಸವಾರರಿದ್ದರು, ಅವರಲ್ಲಿ ಹೆಚ್ಚಿನವರು ಬಿಲ್ಲುಗಾರರು. ಹತ್ತಿರ ಬಂದು ಬಾಣ ಬಿಡುವುದು, ರೋಮನ್ನರು ಮುನ್ನುಗ್ಗಿದರೆ ದೂರ ಸರಿಯುವುದು, ಸರಿಯುತ್ತಲೇ ಹಿಂದಕ್ಕೆ ತಿರುಗಿ ಮತ್ತೆ ಬಾಣ ಬಿಡುವುದು ಅವರ ರೀತಿ. ಬತ್ತಳಿಕೆ ಬರಿದಾಗಲಿ ಎಂದು ಕ್ರಾಸಸ್ ಕಾದ. ಆದರೆ ಸುರೇನನ ಒಂಟೆಗಳು ಬಾಣದ ಹೊರೆ ಹೊತ್ತು ನಿಂತಿದ್ದವು. ಕೊನೆಗೆ ಕ್ರಾಸಸ್ ತನ್ನ ಮಗ ಪಬ್ಲಿಯಸ್‌ಗೆ 1,300 ಸವಾರರು, 500 ಬಿಲ್ಲುಗಾರರು ಮತ್ತು 8 ಕೊಹೋರ್ಟ್ (ಲೀಜನ್ನಿನ ಉಪದಳ) ಕಾಲಾಳುಗಳನ್ನು ಕೊಟ್ಟು ಅಟ್ಟಿದ. ಪಾರ್ಥಿಯನ್ನರು ಓಡಿದಂತೆ ನಟಿಸಿ ಆ ತುಕಡಿಯನ್ನು ದೂರ ಸೆಳೆದು, ಸುತ್ತುವರಿದು ಮುಗಿಸಿದರು. ಆ ದಂಡಯಾತ್ರೆಯಲ್ಲಿ 20,000 ರೋಮನ್ನರು ಸತ್ತು, 10,000 ಮಂದಿ ಸೆರೆಯಾದರೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಇಂದಿಗೂ ಇದೇ ತಪ್ಪು ಮೇಜಿನ ಮೇಲೆ ನಡೆಯುತ್ತಿದೆ. ಬಣ್ಣ ಬಳಿದ ಪುಟ್ಟ ಸೈನಿಕರು, ದಾಳ ಮತ್ತು ಅಳತೆಪಟ್ಟಿ ಹಿಡಿದು ಹಳೆಯ ಯುದ್ಧಗಳನ್ನು ಮತ್ತೆ ಆಡುವ ಹವ್ಯಾಸವೇ ಐತಿಹಾಸಿಕ ಮಿನಿಯೇಚರ್ ವಾರ್‌ಗೇಮ್. ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ನಿಯಮಪುಸ್ತಕವನ್ನೇ ಬರೆದಿದ್ದರು. ಈ ಆಟಕ್ಕೆ ಬರುವ ಹೊಸಬರನ್ನು ಹೆಚ್ಚು ಕಂಗೆಡಿಸುವುದು ಸಿಥಿಯನ್, ಪಾರ್ಥಿಯನ್, ಮಂಗೋಲ್ ಮಾದರಿಯ ಹಗುರ ಕುದುರೆ ಸೇನೆ. ಕೈಗೆ ಸಿಗದ ಶತ್ರುವನ್ನು ಹಿಡಿಯಲು ಹೊರಟವರು ತಮ್ಮ ಸಾಲನ್ನು ತಾವೇ ಮುರಿದುಕೊಳ್ಳುತ್ತಾರೆ.

ಗೆದ್ದವರು ಹೇಗೆ ಗೆದ್ದರು?

ಉತ್ತರ ಇತಿಹಾಸದಲ್ಲೇ ಇದೆ. ಕ್ಯಾರೆಯ ನಂತರ ಸುಮಾರು ಹದಿನೈದು ವರ್ಷಗಳಲ್ಲಿ ರೋಮನ್ ಸೇನಾನಿ ವೆಂಟಿಡಿಯಸ್ ಇದೇ ಪಾರ್ಥಿಯನ್ನರನ್ನು ಮತ್ತೆ ಮತ್ತೆ ಸೋಲಿಸಿದ. ಅವನು ಬಯಲಿಗೆ ಇಳಿಯಲಿಲ್ಲ. ಗುಡ್ಡದ ಮೇಲೆ ಬೀಡುಬಿಟ್ಟು, ಸವಾರರು ಇಳಿಜಾರನ್ನು ಹತ್ತಿ ಬರುವವರೆಗೂ ಕಾದು, ಆಮೇಲೆ ಮೇಲಿನಿಂದ ಎರಗಿದ. ದೂರಕ್ಕೆ ಹೊಡೆಯಬಲ್ಲ ಕವಣೆಗಾರರು ಅವನ ಬಲವಾಗಿದ್ದರು. ಕ್ರಿ.ಪೂ. 38ರಲ್ಲಿ ಉತ್ತರ ಸಿರಿಯಾದ ಗಿಂಡಾರಸ್‌ನಲ್ಲಿ ಪಾರ್ಥಿಯನ್ ರಾಜಕುಮಾರ ಪಕೋರಸ್ ಸತ್ತದ್ದು ಹೀಗೆ.

1191ರ ಸೆಪ್ಟೆಂಬರ್ 7ರಂದು ಪ್ಯಾಲೆಸ್ತೀನ್ ಕರಾವಳಿಯ ಅರ್ಸೂಫ್‌ನಲ್ಲಿ ಇಂಗ್ಲೆಂಡಿನ ದೊರೆ ರಿಚರ್ಡ್ ತನ್ನ ಬಲಬದಿಯನ್ನು ಸಮುದ್ರಕ್ಕೆ ಒಪ್ಪಿಸಿ ನಡೆದ. ಸಾಮಾನು ಕಡಲ ಕಡೆ, ಕುದುರೆಗಳು ನಡುವೆ, ಅಡ್ಡಬಿಲ್ಲಿನ ಕಾಲಾಳುಗಳು ಹೊರಗೆ. ಮೈಮೇಲೆ ಹತ್ತು ಬಾಣ ನಾಟಿದ್ದರೂ ಸಾಲು ಬಿಡದೆ ನಡೆಯುತ್ತಿದ್ದ ಕಾಲಾಳುಗಳನ್ನು ಎದುರಾಳಿ ಸಲಾದಿನ್‌ನ ಆಪ್ತ ಬಹಾಉದ್ದೀನ್ ಕಣ್ಣಾರೆ ಕಂಡು ದಾಖಲಿಸಿದ್ದಾನೆ. ಶತ್ರು ತೀರಾ ಹತ್ತಿರ ಬಂದಾಗಲೇ ಸವಾರರು ನುಗ್ಗಿದರು. ನುಗ್ಗಿದವರನ್ನು ರಿಚರ್ಡ್ ತಡೆದು ಮತ್ತೆ ಸಾಲಿಗೆ ತಂದ.

ನಮ್ಮ ಹೈದರಾಲಿಯ ಸವಾರರೂ ಇದೇ ತಂತ್ರಕ್ಕೆ ಸಿಕ್ಕಿಬಿದ್ದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಲಿಯ ದಂಡನ್ನು ಮೈಸೂರು ಸೇನೆ ನುಚ್ಚುನೂರು ಮಾಡಿತ್ತು. ಮರುವರ್ಷ ಪೋರ್ಟೊ ನೊವೊದಲ್ಲಿ ಬ್ರಿಟಿಷ್ ಸೇನಾನಿ ಐರ್ ಕೂಟ್ ಕಡಲನ್ನು ಒಂದು ಮಗ್ಗುಲಿಗಿಟ್ಟುಕೊಂಡು, ಸಾಮಾನನ್ನು ಆ ಕಡೆ ಭದ್ರಪಡಿಸಿ ಕಾದಿದ. ಹೈದರ್ ಹಿಂದೆ ಸರಿಯಬೇಕಾಯಿತು.

ಮೇಜಿನ ಮೇಲೆ

ಫಿಲ್ ಬಾರ್ಕರ್ ಮತ್ತು ಸಂಗಡಿಗರ 'ಡಿಬಿಎ' 1990ರಲ್ಲಿ ಬಂದ ಜನಪ್ರಿಯ ನಿಯಮಾವಳಿ. ಪ್ರತಿ ಸೇನೆಗೆ 12 ತುಕಡಿ. ದಾಳದಲ್ಲಿ ಬಿದ್ದಷ್ಟು ಅಂಕ, ಅಷ್ಟೇ ಆಜ್ಞೆ. ಒಟ್ಟಾಗಿ ನಿಂತ ಗುಂಪು ಎಷ್ಟೇ ದೊಡ್ಡದಿರಲಿ, ಒಂದೇ ಅಂಕಕ್ಕೆ ಚಲಿಸುತ್ತದೆ. ಬಿಡಿಬಿಡಿಯಾಗಿ ನಿಂತವುಗಳಿಗೆ ಒಂದೊಂದಕ್ಕೂ ಒಂದೊಂದು ಅಂಕ ಬೇಕು.

ಇಲ್ಲೇ ಗೆಲುವಿನ ಕೀಲಿಕೈ ಇದೆ. ನೆಲ ಹಾಕುವ ಸರದಿ ನಿಮ್ಮದಾದರೆ ಕಾಡು, ಗುಡ್ಡಗಳನ್ನಿಟ್ಟು ಬಯಲನ್ನು ಕಿರಿದು ಮಾಡಿ. ಅವುಗಳ ನಡುವೆ ಭಾರಿ ಕಾಲಾಳುಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ಬಿಲ್ಲುಗಾರರಿಗೆ ಬಾಣ ತಲಪುವ ಜಾಗ ಕೊಡಿ, ಕುದುರೆಗಳನ್ನು ಹಿಂದೆ ಮೀಸಲಿಡಿ. ಆಮೇಲೆ ಸಾಲನ್ನು ಒಡೆಯದೆ ಮುಂದೊತ್ತಿ. ನಿಮಗೆ ಒಂದು ಅಂಕ ಸಾಕು. ನಿಮ್ಮನ್ನು ಸುತ್ತಲು ಹೊರಟ ಎದುರಾಳಿಯ ಸವಾರರು ನಾಲ್ಕು ಕಡೆ ಹಂಚಿಹೋಗಿರುತ್ತಾರೆ. ಅವನಿಗೆ ದಾಳದಲ್ಲಿ 2 ಬಿತ್ತು ಎನ್ನಿ: ಎರಡು ಗುಂಪು ಸರಿಯುತ್ತವೆ, ಉಳಿದೆರಡು ನಿಮ್ಮ ಕೈಗೆಟುಕುವಲ್ಲೇ ನಿಂತುಬಿಡುತ್ತವೆ. ಮೀಸಲು ಕುದುರೆಗಳನ್ನು ಬಿಡಬೇಕಾದ ಕ್ಷಣ ಅದೇ. ಒಂದು ತುಕಡಿ ಎದುರಿನಿಂದ, ಇನ್ನೊಂದು ಮಗ್ಗುಲಿನಿಂದ ತಾಗಿದರೆ ಹಿಂದೆ ಸರಿಯಬೇಕಾದ ಸವಾರನಿಗೆ ದಾರಿಯಿಲ್ಲ, ಅವನು ನಾಶವಾದಂತೆಯೇ. ಮೇಜಿನ ಅಂಚೂ ನಿಮ್ಮ ಮಿತ್ರ. ಅಂಚು ದಾಟಿ ಹಿಮ್ಮೆಟ್ಟಿದ ತುಕಡಿ ನಾಶವಾದಂತೆಯೇ ಲೆಕ್ಕ.

ಆಡು-ಹುಲಿ ಆಟ ಆಡಿದವರಿಗೆ ಈ ವಿದ್ಯೆ ಹೊಸತಲ್ಲ. ಆಡುಗಳು ಹುಲಿಯನ್ನು ಕೊಲ್ಲಲಾರವು. ಒಂದೊಂದೇ ಮನೆ ತುಂಬುತ್ತ ಅದು ಅಲುಗಾಡದಂತೆ ಕಟ್ಟಿಹಾಕುತ್ತವೆ.

ಇದಕ್ಕೆ ಬೇಕಾದ್ದು ತಾಳ್ಮೆ. ಮೊದಲ ಕೆಲವು ಸುತ್ತುಗಳಲ್ಲಿ ನಿಮ್ಮ ಒಂದೆರಡು ತುಕಡಿ ಹೋಗಬಹುದು, ಹೋಗಲಿ. ಸೇನಾನಿಯ ತುಕಡಿ ಉಳಿದಿದ್ದರೆ, ನಾಲ್ಕು ತುಕಡಿ ಕಳೆದುಕೊಳ್ಳುವವರೆಗೆ ಡಿಬಿಎಯಲ್ಲಿ ಸಾಮಾನ್ಯವಾಗಿ ಸೋಲಿಲ್ಲ. ಹಗುರ ಕುದುರೆ ಸೇನೆ ಗೆಲ್ಲುವುದು ಎದುರಾಳಿಯ ಸಿಟ್ಟಿನಿಂದ. ಅದನ್ನು ಎದುರಿಸುವ ಪ್ರತಿ ಆಟಗಾರನಿಗೂ ಹೇಳಬೇಕಾದ ಮಾತು ಒಂದೇ: ಪಬ್ಲಿಯಸ್‌ನಂತೆ ಬೆನ್ನಟ್ಟಬೇಡಿ, ವೆಂಟಿಡಿಯಸ್‌ನಂತೆ ನೆಲ ಆರಿಸಿ ನಿಲ್ಲಿ.